ಎರಡು ಚಮಚ ಟಾನಿಕ್

ನನ್ನ ಮೊಮ್ಮಗ ಹುಟ್ಟಿದಾಗ ಹೆಣ್ಣು ಮಗು ಎಂದೇ ಬರೆಸಿದ್ದೆವು. ಹತ್ತೊಂಬತ್ತರ ವಯಸ್ಸಿನಲ್ಲಿ, ನಮ್ಮ ಇಸ್ತ್ರಿ ಅಂಗಡಿಯ ಮೇಜಿನ ಆಚೆ ನಿಂತು, ಒಂದೇ ಕಾಲರನ್ನು ಮೂರು ಸಲ ಒತ್ತಿ, "ಅಜ್ಜಿ, ನಾನು ಹುಡುಗಿ ಅಲ್ಲ, ಹುಡುಗ. ಯಾವಾಗ್ಲೂ ಹಾಗೇ ಇದ್ದೆ" ಎಂದ.

"ಕಾಲರು ಸುಡುತ್ತೆ, ಪೆಟ್ಟಿಗೆ ಎತ್ತು" ಎಂದೆ. ಆಮೇಲೆ ಕೂತು ಕೇಳಿದೆ. ನನ್ನ ಶಾಲೆ ಮೂರನೇ ತರಗತಿಗೇ ಮುಗಿದದ್ದು, ಅರ್ಥವಾಗಲು ಒಂದು ವರ್ಷ ಹಿಡಿಯಿತು. ಒಂದು ಅನುಕೂಲವೂ ಇತ್ತು. ತೊಟ್ಟಿಲಿನಿಂದಲೂ ಅವನನ್ನು ಮರಿ ಎಂದೇ ಕರೆಯುತ್ತಿದ್ದೆ, ಅದನ್ನು ಬದಲಾಯಿಸುವ ಕೆಲಸ ಬೀಳಲಿಲ್ಲ.

ಇಪ್ಪತ್ತೆರಡಕ್ಕೆ ಹಾರ್ಮೋನಿನ ಸೂಜಿ ಶುರುವಾಯಿತು, ಮೂರು ವಾರಕ್ಕೊಂದು. ಕೆಲವು ತಿಂಗಳಿಗೆ ಗಂಟಲು ಒಡೆಯಿತು. "ಕೋಟು ನಾಳೆ ಸಿಗುತ್ತೆ" ಎಂದರೆ 'ಕೋಟು' ಎನ್ನುವ ದನಿ ಅಟ್ಟದ ಮೇಲಿರುತ್ತಿತ್ತು, 'ನಾಳೆ' ಎನ್ನುವ ದನಿ ಬಾವಿಯೊಳಗೆ. ಪಕ್ಕದ ಬೀಗ ರಿಪೇರಿಯವರು ತಲೆ ಹಾಕಿ ಕೇಳಿದರು: "ಏನಮ್ಮಾ, ಒಳಗೆ ಎಷ್ಟು ಜನ ಮಾತಾಡ್ತಿದಾರೆ?"

"ಒಬ್ಬನೇ ಕಣಪ್ಪಾ. ಊಟ ಮಾತ್ರ ಇಬ್ಬರದ್ದು."

ಮುಖದ ತುಂಬ ಮೊಡವೆ ಎದ್ದವು. ತಿಂಗಳ ಮುಟ್ಟು ನಿಂತಿತು. ಅದು ಖಚಿತವಾದ ದಿನ ಅವನು ಶಿಳ್ಳೆ ಹಾಕಿಕೊಂಡೇ ಮೂವತ್ತು ಷರಟು ಮುಗಿಸಿದ.

ನನಗೆ ಮಾತ್ರ ಒಳಗೊಳಗೇ ಅಳುಕು. ಅವನ ಹದಿನಾಲ್ಕನೇ ವಯಸ್ಸು ನನಗೆ ಚೆನ್ನಾಗಿ ನೆನಪಿದೆ. ಮುಟ್ಟಿನಲ್ಲಿ ರಕ್ತ ಹೋಗಿ ಹೋಗಿ, ಮುಖ ಬಿಳಿಚಿಕೊಂಡು, ಇದೇ ಮೇಜಿನ ಬುಡದಲ್ಲಿ ಕುಸಿದು ಬಿದ್ದಿದ್ದ. ಆಗಿನ ಡಾಕ್ಟರು ಕಬ್ಬಿಣಾಂಶದ ಟಾನಿಕ್ ಬರೆದರು, ಬೆಳಿಗ್ಗೆ ಎರಡು ಚಮಚ. ಕೆನ್ನೆಗೆ ಬಣ್ಣ ಬಂದದ್ದು ಅದರಿಂದಲೇ. ಆಮೇಲೆ ಅವನೇ "ತುಕ್ಕು ನೆಕ್ಕಿದ ಹಾಗಿರುತ್ತೆ" ಎಂದು ಬಿಟ್ಟ. ಈಗ ಇಷ್ಟೆಲ್ಲ ಬದಲಾಗುವ ಮೈಗೆ ಬಲ ಬೇಡವೇ? ನಾನೇ ಬಾಟಲಿ ತಂದೆ. ದಿನಾ ಬೆಳಿಗ್ಗೆ ದ್ರಾಕ್ಷಿ ರಸದಲ್ಲಿ ಎರಡು ಚಮಚ ಕಲಸಿ ಕೊಟ್ಟೆ. ಹೇಳಲಿಲ್ಲ.

ವರ್ಷ ತುಂಬಿದ ಮೇಲೆ ಒಂದು ರಕ್ತ ಪರೀಕ್ಷೆಯ ಫಲಿತಾಂಶ ಹಿಡಿದು, ಸೂಜಿ ಬರೆದುಕೊಡುವ ಡಾಕ್ಟ್ರಮ್ಮ ಹುಬ್ಬು ಗಂಟಿಕ್ಕಿದರು.

"ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಐವತ್ತೈದು. ಈ ಹಾರ್ಮೋನಿಗೆ ಸ್ವಲ್ಪ ಏರೋದು ಮಾಮೂಲು, ಇಷ್ಟು ಏರಬಾರದು. ರಕ್ತ ಮಂದವಾದ್ರೆ ಎಲ್ಲಾದ್ರೂ ಹೆಪ್ಪುಗಟ್ಟಬಹುದು. ಸೂಜಿ ಸದ್ಯಕ್ಕೆ ನಿಲ್ಲಿಸಬೇಕಾಗುತ್ತೆ."

ಮರಿಯ ಮುಖ ಇಳಿದುಹೋಯಿತು. "ನಿಲ್ಲಿಸಿದ್ರೆ ಮತ್ತೆ ಮುಟ್ಟು ಬರುತ್ತಾ?"

"ಕೆಲವು ತಿಂಗಳಿಗೆ ಬರಬಹುದು. ಧ್ವನಿ ಮಾತ್ರ ವಾಪಸ್ ಹೋಗಲ್ಲ." ಆಮೇಲೆ ಒಂದೊಂದಾಗಿ ಕೇಳಿದರು. "ಸಿಗರೇಟು?"

"ಇಲ್ಲ."

"ರಾತ್ರಿ ಜೋರಾಗಿ ಗೊರಕೆ?"

"ಗೊರಕೆ ಇಲಾಖೆ ನಂದು, ಡಾಕ್ಟ್ರಮ್ಮ" ಎಂದೆ.

ಅವರು ನಕ್ಕರು. "ನೀರು ಎಷ್ಟು ಕುಡೀತೀಯಪ್ಪಾ?"

"ಇಸ್ತ್ರಿ ಕಾವಿನ ಮುಂದೆ ಹತ್ತು ಗಂಟೆ ನಿಂತಿರ್ತೀನಿ. ಕುಡಿಯೋಕೆ ನೆನಪೇ ಇರಲ್ಲ."

"ಬೇರೆ ಮಾತ್ರೆ, ಟಾನಿಕ್ ಏನಾದ್ರೂ?"

"ಏನೂ ಇಲ್ಲ" ಎಂದ, ಎದೆ ಮುಟ್ಟಿಕೊಂಡು.

ಸುಮ್ಮನಿದ್ದು ನಾಳೆಯಿಂದ ಟಾನಿಕ್ ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸೂಜಿ ಇವತ್ತೇ ನಿಂತುಹೋಗುತ್ತದೆ. ತಪ್ಪು ನನ್ನದು, ಶಿಕ್ಷೆ ಅವನದು.

"ಇದೆ" ಎಂದೆ. ಎಲ್ಲವನ್ನೂ ಹೇಳಿದೆ.

ಡಾಕ್ಟ್ರಮ್ಮ ಕನ್ನಡಕ ತೆಗೆದರು. ಮರಿ ಕುರ್ಚಿಯಿಂದಲೇ ಎದ್ದ. "ಅಜ್ಜೀ! ಆ ದ್ರಾಕ್ಷಿ ರಸಾನಾ? ಹಣ್ಣು ಕೆಟ್ಟಿದೆ ಅಂತ ಹಣ್ಣಿನ ಅಂಗಡಿಯವನ ಜೊತೆ ಎರಡು ಸಲ ಜಗಳ ಆಡಿದೀನಿ!"

"ಅಮ್ಮಾ" ಎಂದರು ಡಾಕ್ಟ್ರಮ್ಮ, ನಗು ತಡೆಯುತ್ತ, "ಆಗ ರಕ್ತ ಹೋಗ್ತಿತ್ತು, ಟಾನಿಕ್ ಬೇಕಿತ್ತು. ಈಗ ಹೋಗೋದು ನಿಂತಿದೆ. ಹಾರ್ಮೋನು ಬೇರೆ ರಕ್ತ ಮಾಡು, ಮಾಡು ಅಂತಿದೆ. ನೀವು ಹಿಂದಿನ ಬಾಗಿಲಿಂದ ಸಾಮಾನು ಸಾಗಿಸ್ತಿದೀರಿ." ಕಾಗದದಲ್ಲಿ ಏನೋ ಹೊಡೆದು ಹಾಕಿ ಬರೆದರು. "ಟಾನಿಕ್ ಬಂದ್. ನೀರು ಕುಡೀಬೇಕು. ಇವತ್ತಿನ ಸೂಜಿ ಬೇಡ. ಮುಂದಿನ ವಾರದಿಂದ ವಾರಕ್ಕೊಂದು ಸಣ್ಣದು, ಒಟ್ಟಾರೆ ಮೊದಲಿಗಿಂತ ಕಡಿಮೆ. ತಲೆನೋವು, ಕಾಲು ಊತ, ಎದೆನೋವು ಬಂದ್ರೆ ಕಾಯದೆ ಓಡಿ ಬರಬೇಕು. ಎರಡು ತಿಂಗಳಿಗೆ ಮತ್ತೆ ನೋಡೋಣ. ಆಗಲೂ ಇಳೀದಿದ್ರೆ ನಿಲ್ಲಿಸೋದೇ."

ದಾರಿಯುದ್ದಕ್ಕೂ ಮರಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಅಂಗಡಿಯ ಬಾಗಿಲು ತೆಗೆದು, ಒಂದು ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ತಲೆ ಎತ್ತದೆ ಹೇಳಿದ.

"ಕೇಳಿ ಕೊಡಬೇಕಿತ್ತು ಅಜ್ಜಿ. ಮೈ ನಂದು."

"ಹೌದು ಮರಿ. ತಪ್ಪಾಯ್ತು."

"ನಿಜ ಹೇಳಿದ್ಯಲ್ಲ, ಅದಕ್ಕೆ ಬಚಾವು. ಇಲ್ದಿದ್ರೆ ಈ ಪ್ಯಾಂಟಿನ ಜೊತೆ ನಿನ್ನೂ ಮಡಿಸಿಡ್ತಿದ್ದೆ."

ಅಂದಿನಿಂದ ಹತ್ತು ಬಟ್ಟೆಗೆ ಒಂದು ಲೋಟ ನೀರು ಎಂಬ ಕಾನೂನು ಬಂತು. ಅವನು ಕುಡಿದರೆ ನಾನೂ ಕುಡಿಯಬೇಕು. ದಿನವಿಡೀ ನಾವಿಬ್ಬರೂ ಹಿತ್ತಲಿನ ಕಕ್ಕಸಿಗೆ ಪಾಳಿಯ ಮೇಲೆ ಓಡಾಡುವುದನ್ನು ನೋಡಿ ಬೀಗದವರು, "ಆ ಬಾಗಿಲ ಚಿಲಕ ಸವೆದಿರುತ್ತೆ, ಹೊಸದು ಹಾಕ್ಲಾ?" ಎಂದು ಕೇಳತೊಡಗಿದರು.

ಎರಡು ತಿಂಗಳು ಕಳೆದವು. ನರ್ಸಮ್ಮ ತಂದುಕೊಟ್ಟ ಕಾಗದವನ್ನು ಮರಿ ತೆರೆಯಲಿಲ್ಲ. "ನೀನೇ ಓದು" ಎಂದು ನನ್ನ ಕೈಗಿಟ್ಟ, ಮೇಲಿನಿಂದ ಎಷ್ಟನೇ ಸಾಲು ಎಂದು ಹೇಳಿದ. ಅಕ್ಷರ ನನಗೆ ತಡವರಿಸುತ್ತದೆ, ಅಂಕಿ ಹಾಗಲ್ಲ.

"ನಾಲ್ಕು. ಒಂಬತ್ತು" ಎಂದೆ.

ಅವನು ಹಾಕಿದ ಕೂಗಿಗೆ ಕಾಯುತ್ತಿದ್ದವರೆಲ್ಲ ತಿರುಗಿದರು. ಡಾಕ್ಟ್ರಮ್ಮ ಒಳಗಿನಿಂದಲೇ, "ಇಳಿದಿದೆ ಅಂತ ಇಡೀ ಆಸ್ಪತ್ರೆಗೆ ಗೊತ್ತಾಯ್ತು, ಬಾರಪ್ಪಾ. ಸೂಜಿ ಮುಂದುವರಿಸೋಣ" ಎಂದರು.

ಇಷ್ಟು ದಿನ ಸೂಜಿಯ ಹೊತ್ತಿಗೆ ನಾನು ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದೆ. ಅವನು ಕರೆದಿರಲಿಲ್ಲ, ನಾನು ಕೇಳಿರಲಿಲ್ಲ. ಅವತ್ತು ಬಾಗಿಲಲ್ಲಿ ನಿಂತು ತಿರುಗಿ ನೋಡಿದ.

"ಬರ್ತೀಯಾ ಅಜ್ಜಿ?"

ಹೋದೆ. ನರ್ಸಮ್ಮ ಅವನ ತೊಡೆಯನ್ನು ಹತ್ತಿಯಿಂದ ಒರೆಸಿದರು, ಚುಚ್ಚಿದರು, ತೆಗೆದರು. ನಾನು ಉಸಿರು ಹಿಡಿದುಕೊಂಡದ್ದು ಬಿಡುವುದರೊಳಗೆ ಮುಗಿದುಹೋಗಿತ್ತು.

"ಇಷ್ಟೇನಾ?" ಎಂದೆ.

"ಇಷ್ಟೇ ಅಜ್ಜಿ" ಎಂದು ಅವನು ಪ್ಯಾಂಟು ಏರಿಸಿಕೊಂಡ.