ಕಂಡಕ್ಟರ್ ಮನೆಯ ಸಂಪಿಗೆ

ಮೆಣಸಿನಗಿಡದ ಬಕೆಟ್ಟುಗಳನ್ನು ಜಗಲಿಯಿಂದ ಎತ್ತೆತ್ತಿ ಕಾಂಪೌಂಡ್ ಗೋಡೆಯ ಬದಿಗೆ ಇಡುತ್ತಿದ್ದ ಪ್ರಭಾಕರ್, ಅಪ್ಪ ಎಲ್ಲಿ ಬೈದುಬಿಡುತ್ತಾನೋ ಎಂದು ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದ. ಅಪ್ಪ ಒಳಗೆ ಸತ್ತು ಮಲಗಿದ್ದ. ಜಗಲಿ ಖಾಲಿಯಾಗದೆ ಫ್ರೀಜರ್ ಪೆಟ್ಟಿಗೆ ಇಳಿಸಲು ಜಾಗವಿಲ್ಲವೆಂದು ವ್ಯಾನಿನವನು ಗೇಟಿನಾಚೆ ಹಾರ್ನ್ ಹೊಡೆಯುತ್ತಿದ್ದ. ಆದರೂ ಒಂದು ಎಲೆ ಮುರಿಯಬಾರದು, ಒಂದು ಕಾಯಿ ಉದುರಬಾರದು ಎಂದು ಪ್ರಭಾಕರ್ ಒಂದೊಂದು ಬಕೆಟ್ಟನ್ನೂ ಹಸುಗೂಸಿನಂತೆ ಎತ್ತಿಕೊಂಡು ನಡೆಯುತ್ತಿದ್ದ. ಧರ್ಮಪುರಿಯ ಒಂದು ಖಾಸಗಿ ಶಾಲೆಯಲ್ಲಿ ಅವನು ಡ್ರಿಲ್ ಮೇಷ್ಟ್ರು. ಗಂಡಸುತನವೆಲ್ಲ ಕೊರಳಲ್ಲಿ ನೇತಾಡುವ ಸೀಟಿಗೇ ಮೀಸಲು.

ಸತ್ತವನು ಸುಬ್ಬರಾಯಪ್ಪ. ಧರ್ಮಪುರಿಗೂ ಸೇಲಮ್ಮಿಗೂ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿ ಆಯುಷ್ಯ ಸವೆಸಿ, ರಿಟೈರಾದ ಮೇಲೆ ಅದಿಯಮಾನ್‌ಕೋಟೆಯ ಈ ಮನೆಯಲ್ಲಿ ಗಿಡಗಳ ಮುಂದೆ ದರ್ಬಾರು ನಡೆಸಿದವನು. ಏರ್ಕಾಡಿನ ನರ್ಸರಿಯಿಂದ ತಂದ ದೇವಕಣಗಿಲೆಯ ಸಸಿಗೆ ಬಸ್ಸಿನಲ್ಲಿ ಸೀಟು ಕೊಟ್ಟು, ಕೈಗೂಸಿನ ತಾಯಿಯನ್ನು ಸೇಲಮ್ಮಿನಿಂದ ನಿಲ್ಲಿಸಿಕೊಂಡು ಬಂದ ಪುಣ್ಯಾತ್ಮ. ಆ ಕಣಗಿಲೆ ಈಗ ಬಾವಿಕಟ್ಟೆಯ ಹತ್ತಿರ ಮರವಾಗಿತ್ತು. ಹಿತ್ತಲಲ್ಲಿ ನಾಗಲಿಂಗ. ಗೇಟಿನ ಪಕ್ಕದಲ್ಲಿ ಸಂಪಿಗೆ. ಜಗಲಿ ತುಂಬ, ಹಳೇ ಪೇಂಟ್ ಬಕೆಟ್ಟುಗಳಲ್ಲಿ, ಎಲ್ಲಿಂದಲೋ ಬೀಜ ತರಿಸಿ ಬೆಳೆದ ಸುಕ್ಕುಸುಕ್ಕಿನ ಕೆಂಪು ಮೆಣಸು. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಊರವರು ಕಂಡಕ್ಟರ್ ಮೆಣಸು ಎನ್ನುತ್ತಿದ್ದರು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಒಂದು ಮೆಣಸು ಕೊಟ್ಟು, ಅವರು ಕಣ್ಣುಮೂಗು ಸೋರಿಸಿಕೊಂಡು ಬಾಯಿ ಬಡಿದುಕೊಳ್ಳುವುದನ್ನು ನೋಡಿ ನಗುವುದು ಅವನಿಗೆ ಬಲು ಖುಷಿಯ ಕೆಲಸವಾಗಿತ್ತು.

ಹೂವಿನ ವಿಷಯದಲ್ಲಿ ಮಾತ್ರ ನಗು ಇರಲಿಲ್ಲ. ಹೂವನ್ನು ಯಾರೂ ಮುಟ್ಟುವಂತಿರಲಿಲ್ಲ, ದೇವರ ಪಟಕ್ಕೂ ಅಂಗಡಿಯ ಹೂವೇ. ಮರದ ಮೇಲೆ ಅರಳಬೇಕು, ಮರದ ಮೇಲೆ ಬಾಡಬೇಕು, ನೆಲಕ್ಕೆ ಬಿದ್ದಮೇಲೆ ಹೆಂಡತಿ ಮಂಗಮ್ಮ ಗುಡಿಸಿ ಕಸಕ್ಕೆ ಹಾಕಬೇಕು. ಇಂಥವನಿಗೆ ಯಾರೋ ಬೆಳಗಾಗುವುದರೊಳಗೆ ಫ್ಲೆಕ್ಸ್ ಹೊಡೆಸಿ ಗೇಟಿಗೆ ಕಟ್ಟಿದ್ದರು. ಅದರಲ್ಲಿ ಸುಬ್ಬರಾಯಪ್ಪ ಸೊಂಟದ ಮೇಲೆ ಕೈಯಿಟ್ಟು ಸಂಪಿಗೆ ಮರದ ಮುಂದೆ ನಿಂತಿದ್ದ. ಕೆಳಗೆ ತಮಿಳಿನಲ್ಲಿ, ಹಸಿರಿನ ಕಾವಲುಗಾರ ಎಂದು ಬರೆದಿತ್ತು. ಸುಳ್ಳೇನಲ್ಲ, ಕಾವಲಂತೂ ಕಾದಿದ್ದ.

ಹೆಣ ಪೆಟ್ಟಿಗೆಗೆ ಬಂತು. ಪ್ರಭಾಕರನ ಹೆಂಡತಿ ಸಂಧ್ಯಾ ಮಾರ್ಕೆಟ್ಟಿನಿಂದ ತರಿಸಿದ್ದ ಸೇವಂತಿಗೆ, ಗುಲಾಬಿಯ ಬುಟ್ಟಿಯನ್ನು ತಂದು ಅತ್ತೆಯ ಪಕ್ಕದಲ್ಲಿಟ್ಟಳು. ಇವರ ಕುಲದಲ್ಲಿ ಗಂಡ ಸತ್ತವಳಿಗೆ ಹೂವು, ಬಳೆ, ಕುಂಕುಮ ಎಲ್ಲವನ್ನೂ ಕೊನೆಯ ಸಲ ತುಂಬಾ ಇಟ್ಟು, ಹೆಣ ಎತ್ತುವ ಮೊದಲೇ ಎಲ್ಲವನ್ನೂ ತೆಗೆಯುತ್ತಾರೆ. ಹತ್ತನೆಯ ದಿನದವರೆಗೆ ಕಾಯುವಷ್ಟು ದಾಕ್ಷಿಣ್ಯವೂ ಇಲ್ಲ. ತೆಗೆಯುವವಳು ಮೊದಲೇ ವಿಧವೆಯಾಗಿರಬೇಕು.

ಮಂಗಮ್ಮ ಬುಟ್ಟಿಯನ್ನು ಕಾಲಿನಿಂದ ಸ್ವಲ್ಪ ಆಚೆಗೆ ತಳ್ಳಿ ಮಗನನ್ನು ಕರೆದಳು.

"ಈ ಊವ ನಿಮ್ಮಪ್ಪಂಗೆ ಆಕ್ಕಳ್ಳಿ. ನನ್ ತಲೆಗೆ ಇಡೋದಾದ್ರೆ ಆ ಸಂಪಿಗೆ ಮರದ್ದು ಒಂದು ಕಿತ್ಕೊಂಡ್ ಬಾ. ಇಲ್ಲಾಂದ್ರೆ ನಾನು ಕೂರಾಕಿಲ್ಲ."

"ಅಪ್ಪಂಗೆ ಅದು ಪಿಡಿಕ್ಕಾದಲ್ಲಮ್ಮಾ, ಇಷ್ಟ ಆಗಲ್ವಲ್ಲ," ಎಂದ ಪ್ರಭಾಕರ್ ತಗ್ಗಿದ ದನಿಯಲ್ಲಿ. "ಇವತ್ತೊಂದಿನ ಯಾಕೆ ಪ್ರಾಬ್ಲಂ ಮಾಡ್ತೀಯ?"

"ಎದ್ ಬಂದು ಬೈತಾನಾ?"

ಪ್ರಭಾಕರ್ ಪೆಟ್ಟಿಗೆಯ ಗಾಜಿನ ಕಡೆ ನೋಡಿದ. ಬೈಯುವುದಿಲ್ಲ ಎಂದು ಅವನಿಗೆ ಪೂರ್ತಿ ನಂಬಿಕೆ ಇದ್ದಂತೆ ಕಾಣಲಿಲ್ಲ. ಚಪ್ಪರ ಹಾಕುವ ಪಂದಲಿನವರಿಗೆ ಫೋನು ಮಾಡಬೇಕು ಎಂದು ಎದ್ದುಹೋದ.

*

ಆ ಸಂಪಿಗೆಯನ್ನು ಬೀಜದಿಂದ ಎಬ್ಬಿಸಿದವನು ಸುಬ್ಬರಾಯಪ್ಪ, ಅದನ್ನು ಸಾಯದಂತೆ ಉಳಿಸಿಕೊಂಡವಳು ಮಂಗಮ್ಮ. ಅವನು ಬಸ್ಸಿನ ಮೇಲಿದ್ದಾಗ ಬೇಸಗೆಯಲ್ಲಿ ಬೀದಿ ಕೊಳಾಯಿಯಿಂದ ಕೊಡ ಹೊತ್ತವಳು ಅವಳು. ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು, ಪ್ರಭಾಕರನ ಎಣ್ಣೆಸ್ನಾನದ ನೀರು ಎಲ್ಲವನ್ನೂ ಅದರ ಬುಡಕ್ಕೇ ಸುರಿದಳು. ಸಂಪಿಗೆ ಮರಕ್ಕೆ ಅವಸರ ಎಂಬುದಿಲ್ಲ. ಪ್ರಭಾಕರ್ ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅದು ಮೊದಲ ಹೂ ಬಿಟ್ಟಿತು.

ಒಂದೇ ಹೂ. ಹೊಲಿಗೆ ಮಿಷಿನ್ ಮುಂದೆ ಕೂತು ಬೀದಿಯವರ ಬ್ಲೌಸು ಹೊಲಿಯುತ್ತಿದ್ದ ಮಂಗಮ್ಮನಿಗೆ ಕಿಟಕಿಯಿಂದ ಅದರ ವಾಸನೆ ಬಂತು. ಎದ್ದುಹೋಗಿ ಕಿತ್ತು ಮುಡಿದುಕೊಂಡಳು. ಕನ್ನಡಿಯನ್ನು ಎರಡು ಸಲ ನೋಡಿಕೊಂಡಳು. ಅವಳ ಸಂತೋಷ ಅಷ್ಟೇ, ಅದಕ್ಕಿಂತ ಹೆಚ್ಚಿನದನ್ನು ಅವಳು ಕೇಳಿದವಳೂ ಅಲ್ಲ.

ಡ್ಯೂಟಿ ಮುಗಿಸಿ ಬಂದ ಸುಬ್ಬರಾಯಪ್ಪ ಮೊದಲು ಮರ ನೋಡಿದ, ಆಮೇಲೆ ಹೆಂಡತಿಯ ತಲೆ ನೋಡಿದ. ಡಿಪೋದ ಸ್ನೇಹಿತರನ್ನು ಮರುದಿನ ಹೂ ನೋಡಲು ಕರೆದಿದ್ದನಂತೆ. ಹೊಡೆಯಲಿಲ್ಲ. ಹೊಡೆಯುವಷ್ಟು ದೊಡ್ಡ ಮನುಷ್ಯನೂ ಅವನಲ್ಲ. ಅವಳ ಮುಡಿಯಿಂದ ಹೂ ಎಳೆದುಕೊಂಡು, ಮಿಷಿನ್ನಿನ ಬಾಬಿನ್ನಿನಿಂದ ಕಪ್ಪು ದಾರ ಹರಿದುಕೊಂಡು, ಸ್ಟೂಲು ಹತ್ತಿ ಆ ಹೂವನ್ನು ಅದೇ ಕೊಂಬೆಗೆ ಕಟ್ಟಿದ. ಕಿತ್ತ ಗುರುತು ಕಾಣದ ಹಾಗೆ ಎಲೆಯನ್ನು ಅಡ್ಡ ತಂದ. ಮರುದಿನ ಸ್ನೇಹಿತರು ಬಂದು, ಬಾಡಿ ಕಂದಿದ ಹೂವನ್ನು ಕೆಳಗಿನಿಂದಲೇ ನೋಡಿ, ಬ್ರಮಾದಂ ಎಂದು ಹೊಗಳಿ, ಒಂದೊಂದು ಮೆಣಸು ತಿಂದು ಅತ್ತುಕೊಂಡು ಹೋದರು. ಮಂಗಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. ಆವತ್ತೇ ಆ ಮರಕ್ಕೆ ಕೊಡಲಿ ಹಾಕಿದ್ದರೆ ಅವಳನ್ನು ಹೊಗಳಬಹುದಿತ್ತು. ಅವಳು ಹಾಕಲಿಲ್ಲ, ಸಂಜೆ ಮತ್ತೆ ನೀರು ಹಾಕಿದಳು.

*

ನಂಗವಳ್ಳಿಯಿಂದ ಸುಬ್ಬರಾಯಪ್ಪನ ವಿಧವೆ ಅಕ್ಕ ಶಿವಲಕ್ಷ್ಮಿ ಬಂದಾಗ ಬೀದಿ ಮೂಲೆಯಿಂದಲೇ ಗೊತ್ತಾಯಿತು. ಗೇಟಿನವರೆಗೆ ಎದೆ ಬಡಿದುಕೊಂಡು ಬಂದಳು. ಗೇಟು ದಾಟಿ ಗೋಡೆ ಬದಿಯಲ್ಲಿ ಸಾಲಾಗಿ ಕೂತ ಬಕೆಟ್ಟುಗಳನ್ನು ಕಂಡದ್ದೇ ಅವಳ ಅಳು ಅರ್ಧಕ್ಕೇ ನಿಂತಿತು. ಗಿಡಗಳ ತುಂಬ ಹಣ್ಣು ಮೆಣಸು. ತಮ್ಮನ ಮುಖವನ್ನು ಒಮ್ಮೆ ನೋಡಿ, ಪೆಟ್ಟಿಗೆಯ ಮೇಲೆ ಒಮ್ಮೆ ಬಿದ್ದು ಎದ್ದು, ಸೀದಾ ಬಕೆಟ್ಟುಗಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು.

ಅವಳಿಗೂ ಒಂದು ಸಿಟ್ಟಿತ್ತು, ಅದು ಅನ್ಯಾಯದ್ದೇನಲ್ಲ. ಆ ಮೆಣಸಿನ ಬೀಜಕ್ಕಾಗಿ ಅವಳು ವರ್ಷಾನುಗಟ್ಟಲೆ ತಮ್ಮನ ಹಿಂದೆ ಬಿದ್ದಿದ್ದಳು. ಅವನು ಇಲ್ಲ ಎನ್ನಲಿಲ್ಲ, ಪ್ರತಿ ಸಲವೂ ಪೊಟ್ಟಣ ಕಟ್ಟಿ ಕೊಟ್ಟ. ನಂಗವಳ್ಳಿಯಲ್ಲಿ ಮಡಿ ಮಾಡಿ ಬಿತ್ತಿದರೆ ಒಂದೂ ಮೊಳೆಯುತ್ತಿರಲಿಲ್ಲ. ನಿನ್ ಕೈಗುಣ ಸರಿಯಿಲ್ಲಕ್ಕ ಎಂದು ಅವನು ಊರಿಗೆಲ್ಲ ಸಾರಿದ. ಕೊಡುವ ಮೊದಲು ಬೀಜವನ್ನು ದೋಸೆ ಹೆಂಚಿನ ಮೇಲೆ ಹುರಿಯುತ್ತಿದ್ದ ಎಂಬುದು ಮಂಗಮ್ಮನಿಗೆ ಗೊತ್ತಿತ್ತು, ಹೆಂಚು ಅವಳದೇ. ಹೋದ ವರ್ಷ ಬಾಯಿಬಿಟ್ಟು ಸಂಧ್ಯಾಳಿಗೆ ಹೇಳಿದ್ದಳು, ಸಂಧ್ಯಾ ಎಲ್ಲರಿಗೂ ಹೇಳಿದ್ದಳು.

ಈಗ ಶಿವಲಕ್ಷ್ಮಿ ಹಣ್ಣುಗಳನ್ನು ಕಿತ್ತು, ಉಗುರಿನಿಂದ ಒಂದೊಂದನ್ನೂ ಸೀಳಿ, ಒಳಗೆ ಬಲಿತ ಬೀಜವಿದೆಯೇ ಎಂದು ನೋಡಿ ನೋಡಿ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. ಒಡಹುಟ್ಟಿದವನ ಹೆಣ ಹತ್ತು ಹೆಜ್ಜೆಯಾಚೆ ತಣ್ಣಗೆ ಮಲಗಿತ್ತು. ನೋಡಿದವರು ಪಾಪ, ತಮ್ಮನ ಗಿಡಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಾಳೆ ಎಂದುಕೊಂಡರು. ಸಾವಿನ ಮನೆಯಲ್ಲಿ ಜನರಿಗೆ ಕಣ್ಣಿರುವುದಿಲ್ಲ, ಬಾಯಿ ಮಾತ್ರ.

ಮಂಗಮ್ಮನಿಗೆ ಕಣ್ಣಿತ್ತು. "ಅಕ್ಕ, ಕೈ ತೊಳ್ಕೊ. ಅದು ಬರೀ ನೀರಿಗೆ ಓಗಾಕಿಲ್ಲ. ಎಣ್ಣೆ ಅಚ್ಕೊಂಡು ಸೀಗೆಪುಡೀಲಿ ಉಜ್ಜಬೇಕು," ಎಂದು ಕೂತಲ್ಲಿಂದಲೇ ಹೇಳಿದಳು.

"ಮೆಣಸಿನಕಾಯಿ ಕಾಣ್ದೋಳಾ ನಾನು? ನೀನು ಸುಮ್ನೆ ಕೂತ್ಕೊಂಡು ಅಳು," ಎಂದಳು ಶಿವಲಕ್ಷ್ಮಿ. ಆಮೇಲೆ ಪಕ್ಕದವರಿಗೆ ಕೇಳುವ ಹಾಗೆ, "ಬೆಳಿಗ್ಗೆಯಿಂದ ಒಂದು ತೊಟ್ಟು ಕಣ್ಣೀರಿಲ್ಲ. ಕಲ್ಲು," ಎಂದು ಸೇರಿಸಿದಳು.

ನಿಜಕ್ಕೂ ಇರಲಿಲ್ಲ. ಹೆಂಗಸರು ಸರದಿಯಂತೆ ಬಂದು ಮಂಗಮ್ಮನನ್ನು ತಬ್ಬಿ, ಅಳಿಸಲು ನೋಡಿ, ಸೋತು ಹೋಗುತ್ತಿದ್ದರು. ಅವಳು ಪ್ರತಿಯೊಬ್ಬರಿಗೂ ಒಂದೇ ಕೇಳಿದಳು, ಒಂದು ಸಂಪಿಗೆ ಕಿತ್ತುಕೊಡಿ ಎಂದು. ಯಾರೂ ಹೋಗಲಿಲ್ಲ. ಪಕ್ಕದ ಮನೆಯ ಅಣ್ಣಾಮಲೈ, ರೇಷನ್ ಅಂಗಡಿ ಕ್ಯೂನಲ್ಲಿ ಎಲ್ಲರನ್ನೂ ತಳ್ಳಿ ಮುಂದೆ ಹೋಗುವ ಶೂರ, ಕೊಂಬೆ ಬಗ್ಗಿಸುವ ದೋಟಿಯನ್ನು ಕೈಗೆತ್ತಿಕೊಂಡವನು ಫ್ಲೆಕ್ಸಿನಲ್ಲಿದ್ದ ಸುಬ್ಬರಾಯಪ್ಪನ ಮುಖ ನೋಡಿ ಮತ್ತೆ ಗೋಡೆಗೆ ಒರಗಿಸಿದ. ಆತ್ಮ ಇಲ್ಲೇ ಎಲ್ಲೋ ಇರುತ್ತದೆ, ಯಾಕೆ ಬೇಕು ಎಂದು ತಮಿಳಿನಲ್ಲಿ ಗೊಣಗಿದ. ಬದುಕಿದ್ದಾಗ ಟಿಕೆಟ್ ಹರಿಯುವುದನ್ನು ಬಿಟ್ಟು ಇನ್ನೇನನ್ನೂ ಮಾಡದ ಮನುಷ್ಯ, ಸತ್ತು ಇಡೀ ಬೀದಿಯನ್ನು ಹೆದರಿಸುತ್ತಿದ್ದ.

ಮೇಲೆ ಮರ ತುಂಬ ಹೂ. ಚಂದವಾಗಿಯೇ ಇತ್ತು, ಆ ಮಾತು ಮಾತ್ರ ಒಪ್ಪಬೇಕು.

ಹೆಣಕ್ಕೆ ಸ್ನಾನವಾಯಿತು, ಚಟ್ಟವಾಯಿತು. ತಮಟೆಯವರು ಹೊರಗೆ ಚರ್ಮ ಕಾಯಿಸುತ್ತಿದ್ದರು. "ಸೀಕ್ರಂ, ಸೀಕ್ರಂ, ನೇರಂ ಆಗ್ತಾ ಐತೆ," ಎಂದು ಪ್ರಭಾಕರ್ ಅವಸರ ಮಾಡಿದ. ಹೆಂಗಸರು ಮಂಗಮ್ಮನನ್ನು ಎಬ್ಬಿಸಿ ಗಂಡನ ತಲೆದೆಸೆಗೆ ಕೂರಿಸಲು ತೋಳು ಹಿಡಿದರು. ಶಿವಲಕ್ಷ್ಮಿ ಸೇವಂತಿಗೆಯ ಮಾಲೆ ಹಿಡಿದು ಬಂದಳು. ಮುಡಿಸುವುದು ಮುತ್ತೈದೆಯರ ಕೆಲಸ, ಅವಳದು ತೆಗೆಯುವುದು ಎಂಬುದನ್ನೂ ಮರೆತಷ್ಟು ಅವಸರ.

ಮಂಗಮ್ಮ ತೋಳು ಬಿಡಿಸಿಕೊಂಡಳು. ಮೆಟ್ಟಿಲಿಳಿದು ಗೋಡೆಗೆ ಒರಗಿದ್ದ ದೋಟಿ ತೆಗೆದುಕೊಂಡು ಗೇಟಿನ ಕಡೆ ನಡೆದಳು. ಮರದ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದ ಗಂಡಸರು ಕಾಲು ಹಿಂದಕ್ಕೆಳೆದುಕೊಂಡರು. "ಅಮ್ಮಾ," ಎಂದ ಪ್ರಭಾಕರ್. ಮಂಗಮ್ಮ ಕೊಂಬೆ ಬಗ್ಗಿಸಿ, ಚೆನ್ನಾಗಿ ಅರಳಿದ ಒಂದನ್ನು ಆರಿಸಿ, ತೊಟ್ಟು ಸಮೇತ ಕಿತ್ತಳು. ಆಕಾಶ ಬೀಳಲಿಲ್ಲ. ಚಟ್ಟದ ಮೇಲಿನವನು ಏಳಲಿಲ್ಲ.

ಹೂ ಹಿಡಿದು ಅವಳು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಿಷಿನ್ನಿನ ಡ್ರಾಯರ್ ಎಳೆದ ಸದ್ದು ಕೇಳಿಸಿತು. ಹೊರಬಂದಾಗ ಹೂ ಅವಳ ತುರುಬಿನ ಬುಡದಲ್ಲಿತ್ತು. ಸುಮ್ಮನೆ ಸಿಕ್ಕಿಸಿದ್ದಲ್ಲ. ಕಪ್ಪು ಮಿಷಿನ್ ದಾರದಿಂದ, ಗುಂಡಿ ಹೊಲಿಯುವ ಹಾಗೆ ಸುತ್ತಿ ಸುತ್ತಿ, ಕೂದಲಿಗೂ ತೊಟ್ಟಿಗೂ ಸೇರಿಸಿ ಗಂಟಿನ ಮೇಲೆ ಗಂಟು ಹಾಕಿದ್ದಳು. ಬೀದಿಯ ಹೆಂಗಸರ ಬ್ಲೌಸನ್ನೆಲ್ಲ ಬಿಚ್ಚದಂತೆ ಹೊಲಿದ ಕೈ ಅದು.

ಬಂದು ಕೂತಳು. ಸಂಧ್ಯಾ ಕುಂಕುಮವಿಟ್ಟಳು, ಬಳೆ ತೊಡಿಸಿದಳು. ಒಂದು ಗಳಿಗೆಯೂ ಆಗಲಿಲ್ಲ, ತೆಗೆಯಬೇಕಾದವಳು ಮುಂದೆ ಬಂದಳು. ಮಂಗಮ್ಮ ಅವಳ ಕೈಯನ್ನು ತಡೆದಳು.

"ಕುಂಕುಮ ನಾನೇ ಒರೆಸ್ಕೊತೀನಿ. ಬಳೆ ನಾನೇ ತಗೀತೀನಿ. ನಿನ್ ಕೈ ನನ್ ಮುಖಕ್ಕೆ ಬ್ಯಾಡ."

ಹೇಳಿದಂತೆ ಮಾಡಿದಳು. ಸೆರಗಿನಿಂದ ಹಣೆ ಒರೆಸಿಕೊಂಡು, ಬಳೆ ಜಾರಿಸಿ ತಟ್ಟೆಗೆ ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. "ಊವ?" ಎಂದಳು ಶಿವಲಕ್ಷ್ಮಿ. "ಊವ ಇರ್ಲಿ. ಇದು ನಿನ್ ತಮ್ಮ ಇಟ್ಟಿದ್ದಲ್ಲ," ಎಂದಳು ಮಂಗಮ್ಮ.

ಕುಲದ ಮರ್ಯಾದೆ ತನ್ನ ಹತ್ತು ಬೆರಳಲ್ಲಿದೆ ಎಂಬಂತೆ ಶಿವಲಕ್ಷ್ಮಿ ತುರುಬಿಗೆ ಕೈ ಹಾಕಿದಳು. ಎಳೆದಳು, ಬರಲಿಲ್ಲ. ಗಂಟು ಹುಡುಕಿದಳು, ಸಿಗಲಿಲ್ಲ. ಮತ್ತೆ ಎಳೆದಾಗ ಒಂದು ಎಸಳು ಮಾತ್ರ ಕಿತ್ತು ಬಂತು. ಹಣೆಯ ಬೆವರು ಅವಳ ಕಣ್ಣಿಗೆ ಇಳಿಯಿತು. ಬೆರಳಿನಿಂದ ಒರೆಸಿಕೊಂಡಳು. ಮರುಕ್ಷಣ ಮನೆಯ ತೊಲೆ ಅದುರುವಂತೆ ಕೂಗಿಕೊಂಡಳು. ಗಾಬರಿಯಾಗಿ ಸೆರಗನ್ನೆತ್ತಿ ಎರಡೂ ಕಣ್ಣು ಒತ್ತಿಕೊಂಡಳು, ಸೀಳಿದ ಮೆಣಸು ಕಟ್ಟಿಕೊಂಡಿದ್ದ ಅದೇ ಸೆರಗು.

ಬೀಜವನ್ನು ತಮ್ಮ ಹುರಿದು ಕೊಟ್ಟಿದ್ದು ಅವಳಿಗೆ ಆಗ ಎಷ್ಟು ನೆನಪಾಯಿತೋ, ಯಾರಿಗೆ ಗೊತ್ತು. ನೆಲಕ್ಕೆ ಬಿದ್ದು ಹೊರಳಾಡಿದಳು. ಅವಳನ್ನು ಸಮಾಧಾನ ಮಾಡಲು ಹೋದ ಹೆಂಗಸರು ಅವಳ ಕೈ ಹಿಡಿದು, ಅದೇ ಕೈಯಿಂದ ತಮ್ಮ ಮುಖ ಒರೆಸಿಕೊಂಡು, ಒಬ್ಬೊಬ್ಬರಾಗಿ ಅಳತೊಡಗಿದರು. ಬೆಳಗಿನಿಂದ ಬಣಗುಟ್ಟುತ್ತಿದ್ದ ಸಾವಿನ ಮನೆ ಒಮ್ಮೆಲೇ ತುಂಬಿ ಹರಿಯಿತು. ಗೇಟಿನ ಹೊರಗೆ ತಮಟೆ ಶುರುವಾಯಿತು. ಚಟ್ಟಕ್ಕೆ ಹೆಗಲು ಕೊಟ್ಟಿದ್ದ ಅಣ್ಣಾಮಲೈ ಒಳಗಿನ ಗೋಳು ಕೇಳಿ, ಅಕ್ಕ ಎಂದರೆ ಹೀಗಿರಬೇಕು, ಪುಣ್ಯ ಮಾಡಿದ್ದ ಕಂಡಕ್ಟರ್ ಎಂದ. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಪ್ರಭಾಕರನೂ ತೋಳಿನಿಂದ ಕಣ್ಣು ಒರೆಸಿಕೊಂಡ.

ಹೆಣ ಬೀದಿ ದಾಟಿದ ಮೇಲೆ ಪದ್ಧತಿಯಂತೆ ಮಂಗಮ್ಮನನ್ನು ನಲ್ಲಿಯ ಹತ್ತಿರ ಕೂರಿಸಿದರು. ನಲ್ಲಿಯ ಬುಡದಲ್ಲಿ ಆಗಲೇ ಶಿವಲಕ್ಷ್ಮಿ ತಲೆಯೊಡ್ಡಿ ಬಿದ್ದುಕೊಂಡು, ಕಣ್ಣು ಕಣ್ಣು ಎಂದು ನರಳುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಬೀಜಗಳು ನೀರಿನ ಜೊತೆ ಚರಂಡಿಗೆ ಹರಿಯುತ್ತಿದ್ದವು. ಹೆಂಗಸರು ಕೊಡ ತುಂಬಿ ತುಂಬಿ ಮಂಗಮ್ಮನ ತಲೆಯ ಮೇಲೆ ಸುರಿದರು. ಕೂದಲು ಬಿಚ್ಚಿ ಮುಖದ ಮೇಲೆ ಇಳಿಯಿತು. ಒಂದು ಎಸಳು ಕಡಿಮೆಯಾದ ಹೂ ಕದಲಲಿಲ್ಲ, ನೆನೆದಷ್ಟೂ ಅದರ ವಾಸನೆ ಅಂಗಳ ತುಂಬಿತು.