ಮೊದಲು ಹೋರಿಯನ್ನು ನೋಡಬೇಕು

೧೯೭೬ರ ನವೆಂಬರ್ ೧೭, ಬುಧವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮನಗೂಳಿಯ ಆಚೆಗಿನ ಆ ಹಳ್ಳಿಯ ದಾರಿಗೆ ನಮ್ಮ ಜೀಪು ಹೊರಳಿದ್ದೇ ತಡ, ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದ ಗಂಡಸರೆಲ್ಲ ಎದ್ದು ಜೋಳದ ಹೊಲ ಹೊಕ್ಕರು. ಜೋಳ ಇನ್ನೂ ಸೊಂಟದ ಮಟ್ಟಕ್ಕಿತ್ತು. ಕುಕ್ಕರುಗಾಲಲ್ಲಿ ಕುಳಿತವರ ರುಮಾಲುಗಳು ಮಾತ್ರ ಹಸಿರಿನ ಮೇಲೆ ಸಾಲಾಗಿ ಕಾಣುತ್ತಿದ್ದವು.

ಜೀಪಿನ ಚಾಲಕ ಮಶಾಕಸಾಬ ಕೆಳಗಿಳಿದು ಕೂಗಿದ: "ಏ, ಹೊರಗ ಬರ್ರೋ! ಇದು ಆಪರೇಶನ್ ಜೀಪಲ್ಲ, ದನದ ಜೀಪ! ನಿಮ್ಮನ್ನ ಯಾರು ಕೇಳ್ತಾರ? ನಿಮ್ಮ ಆಕಳ ಎಲ್ಲದಾವು ಹೇಳ್ರಿ!"

ಒಂದು ರುಮಾಲು ಮೇಲೆದ್ದಿತು. "ಖರೇನ?"

"ಅಲ್ಲಾನ ಆಣಿ!"

ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಗಳ ವರ್ಷ ಅದು. ಸರಕಾರಿ ಜೀಪು ಕಂಡರೆ ಊರು ಖಾಲಿಯಾಗುತ್ತಿತ್ತು. ನಮ್ಮದು ಬೇರೆಯದೇ ಕೆಲಸ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ನಾನು ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕನಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳಲ್ಲಿ ಆಕಳುಗಳು ಏಕೆ ತಡವಾಗಿ ಗಬ್ಬ ಕಟ್ಟುತ್ತವೆ ಎಂಬುದು ನಮ್ಮ ಪ್ರಶ್ನೆ. ನಮ್ಮ ಮುಖ್ಯಸ್ಥರ ನಂಬಿಕೆಯಂತೆ ಫಲವಂತಿಕೆ ಎನ್ನುವುದು ಒಂದೇ ಸರಪಳಿ. ಹೊಲದ ಮಣ್ಣಿನಲ್ಲಿ ರಂಜಕ ಕಡಿಮೆಯಾದರೆ ಜೋಳದ ಕಣಿಕೆಯಲ್ಲಿ ಕಡಿಮೆ, ಕಣಿಕೆಯಲ್ಲಿ ಕಡಿಮೆಯಾದರೆ ಅದನ್ನು ತಿನ್ನುವ ಆಕಳ ನೆತ್ತರಿನಲ್ಲಿ ಕಡಿಮೆ. ಅದಕ್ಕೆ ಮೂರನ್ನೂ ಒಟ್ಟಿಗೆ ಅಳೆಯಬೇಕು. ಜೊತೆಗೆ ಆ ಮನೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಎಂಬುದನ್ನೂ ಕೇಳಬೇಕು.

ಆ ಜೀಪಿನ ವಾಸನೆ ಇಂದಿಗೂ ನೆನಪಿದೆ. ಬಟ್ಟೆಚೀಲಗಳಲ್ಲಿ ಎರೆಮಣ್ಣು, ಒಣ ಕಣಿಕೆ, ಸ್ಪಿರಿಟ್, ಮಶಾಕಸಾಬನ ಬೀಡಿ. ಇಂಡಿ ಕಡೆಯಿಂದ ಬಂದ ದಿನ ಯಾರೋ ಪ್ರೀತಿಯಿಂದ ಹೇರಿದ ನಿಂಬೆಹಣ್ಣು. ಸೂಕ್ಷ್ಮದರ್ಶಕವನ್ನು ಮಾತ್ರ ನಾನು ಯಾವತ್ತೂ ಹಿಂದೆ ಇಡಲಿಲ್ಲ. ಆ ರಸ್ತೆಗಳಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡೇ ಹೋಗುತ್ತಿದ್ದೆ.

ಅವತ್ತು ನಾವು ಇಳಿದದ್ದು ಪರಪ್ಪ ಎಂಬ ರೈತನ ಅಂಗಳದಲ್ಲಿ. ಮೂವತ್ತೈದರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಬರ್ಫ ಹಾಕಿದ ಥರ್ಮಾಸಿನಲ್ಲಿ ತಂದಿದ್ದ ಖಿಲಾರಿ ತಳಿಯ ಹೋರಿಯ ವೀರ್ಯದ ಒಂದು ಹನಿಯನ್ನು ಬೆಚ್ಚಗೆ ಮಾಡಿ, ಗಾಜಿನ ಮೇಲಿಟ್ಟು, ಬಂದವರಿಗೆಲ್ಲ ತೋರಿಸಿದೆ. ಜನರನ್ನು ಒಲಿಸಿಕೊಳ್ಳಲು ಅದೇ ನಮ್ಮ ಉಪಾಯ.

"ಎಲಾ ಇವನ! ಒಂದ ಹನ್ಯಾಗ ಬಾಗೇವಾಡಿ ಸಂತಿ ಕೂಡೇತಲ್ಲೋ!" ಎಂದು ಒಬ್ಬ ಉದ್ಗರಿಸಿದ.

ಇನ್ನೊಬ್ಬ ಕೇಳಿದ: "ಸಾಹೇಬ್ರ, ಆಕಳ ಗಬ್ಬ ನಿಲ್ಲಲಿಲ್ಲಂದ್ರ ತಪ್ಪು ಯಾರದು?"

"ಊರಾಗ ಹತ್ತು ಆಕಳ ನಿಲ್ಲಲಿಲ್ಲಂದ್ರ ಮೊದಲ ಹೋರಿ ನೋಡಬೇಕ್ರಿ. ಆಮ್ಯಾಲ ಆಕಳ" ಎಂದೆ.

ಚಹಾದ ತಾಟು ಹಿಡಿದು ನಿಂತಿದ್ದ ಪರಪ್ಪನ ಹೆಂಡತಿ ಕಸ್ತೂರೆವ್ವ ಥಟ್ಟನೆ ಅಂದಳು: "ದನದಾಗರೆ ನ್ಯಾಯ ಐತಿ ಬಿಡ್ರಿ. ನಮ್ಮ ಮಂದ್ಯಾಗ ಹೋರಿ ನೋಡೂದಽ ಇಲ್ಲ, ಆಕಳ ಬದಲ ಮಾಡ್ತಾರ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬಾಗಿಲಲ್ಲಿ ಕುಳಿತಿದ್ದ ಅತ್ತೆ ಸಿದ್ದಲಿಂಗವ್ವ ನಗಲಿಲ್ಲ. "ಚಾ ಕೊಟ್ಟು ಒಳಗ ನಡಿ. ಬಾಯಿಗೆ ಬಸರ ನಿಲ್ಲೂ ಹಂಗಿದ್ರ ಇಷ್ಟೊತ್ತಿಗೆ ಹತ್ತು ಹಡೀತಿದ್ದಿ."

ಕಸ್ತೂರೆವ್ವ ಒಳಗೆ ಹೋದಳು. ಪರಪ್ಪ ದನದ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ.

ಹಿಂದಿರುಗುವಾಗ ಮಶಾಕಸಾಬ ಊರ ಸುದ್ದಿಯೆಲ್ಲ ಒಪ್ಪಿಸಿದ. ಪರಪ್ಪನ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಸಿದ್ದಲಿಂಗವ್ವ ಮಗನಿಗೆ ಎರಡನೆಯ ಹೆಣ್ಣು ನೋಡಿದ್ದಾಳೆ, ಸಾಲೋಟಗಿಯ ಹುಡುಗಿ. ಎಳ್ಳಮಾಸಿ ಹಬ್ಬ ಕಳೆದ ಮೇಲೆ ಮಾತು ಪಕ್ಕಾ. ಕಸ್ತೂರೆವ್ವ ಬೇಕಾದರೆ ಮುದ್ದೇಬಿಹಾಳದ ಕಡೆಯ ತವರಿಗೆ ಹೋಗಬಹುದು. "ಇರೂದಾದ್ರ ಇರಲಿ, ಸಗಣಿ ಬಳಿಯಾಕ ಒಂದು ಕೈ ಬೇಕಲ್ಲ ಅಂತಾಳ್ರಿ ಮುದುಕಿ" ಎಂದು ಮಶಾಕಸಾಬ ಗೇರು ಬದಲಿಸಿದ.

ಮರುದಿನ ಬೆಳಿಗ್ಗೆ ಪರಪ್ಪ ಸೈಕಲ್ಲಿನ ಮೇಲೆ ಮನಗೂಳಿಯ ನಮ್ಮ ಬಿಡಾರಕ್ಕೆ ಬಂದ. ಧೋತರದ ಮಡಿಕೆಯಿಂದ ಒಂದು ಸಣ್ಣ ಶೀಶೆ ತೆಗೆದು ಮೇಜಿನ ಮೇಲಿಟ್ಟ.

"ಹೋರಿದು ತಂದೇನ್ರಿ. ಸ್ವಲ್ಪ ನೋಡ್ರಿ."

"ಯಾವ ಹೋರಿ?"

"ಮನೀದು."

ನಾನು ಒಂದು ಹನಿಯನ್ನು ಗಾಜಿನ ಮೇಲಿಟ್ಟೆ. ಎಣ್ಣೆಯ ಗುಳ್ಳೆಗಳೇ ಎಲ್ಲ. "ಶೀಶ್ಯಾಗ ಮೊದಲ ಏನಿತ್ತು?"

"ಕೊಬ್ರಿ ಎಣ್ಣಿರಿ. ಚೊಲೊತಂಗ ತೊಳದೇನಿ."

"ಎಣ್ಣಿ ಕೂಡಿದ್ರ ಈ ಪರೀಕ್ಷಾ ಲೆಕ್ಕಕ್ಕ ಬರೂದಿಲ್ಲ. ಶುದ್ಧ ನಳಿಗಿ ನಾ ಕೊಡ್ತೇನಿ."

ಅವನು ನಳಿಗೆಯನ್ನು ತೆಗೆದುಕೊಂಡ, ಆದರೆ ಏಳಲಿಲ್ಲ. ನೆಲ ನೋಡುತ್ತ ಹೇಳಿದ: "ಹೋರಿದಲ್ರಿ ಅದು."

"ಗೊತ್ತೈತಿ."

"ಗೊತ್ತಿತ್ತೇನ್ರಿ? ಹೆಂಗ?"

"ನಿಮ್ಮ ಕೊಟ್ಟಿಗ್ಯಾಗ ಹೋರಿ ಎಲ್ಲೈತಿ, ಪರಪ್ಪ? ಇರೂವೆರಡೂ ಬೀಜ ಒಡೆಸಿದ ಎತ್ತು."

ಅವನು ನಕ್ಕುಬಿಟ್ಟ. ನಗುತ್ತ ನಗುತ್ತ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

"ನಾ ದನದಾಂವ. ಬಿಜಾಪುರದಾಗ ದೊಡ್ಡ ಡಾಕ್ಟರ್ ಅದಾರ, ಅವರಿಗೆ ತೋರಸ್ರಿ" ಎಂದೆ.

"ದವಾಖಾನಿಗೆ ಹೋದ್ರ ನಾ ಬಾಯಿ ತೆರಿಯೂದರಾಗ ಕತ್ತರಿ ಹಾಕಿ ಕಳಿಸ್ತಾರ್ರಿ. ಈಗಿನ ಕಾಲದಾಗ ಮಕ್ಕಳ ಬೇಕಂತ ಹೋದ್ರ ಯಾರು ನಂಬ್ತಾರ? ನೀವಽ ನೋಡ್ರಿ."

ನೋಡಿದೆ. ಒಂದು ವಾರ ಬಿಟ್ಟು, ಅವನ ಕೊಟ್ಟಿಗೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು, ಶುದ್ಧ ನಳಿಗೆಯ ತಾಜಾ ಮಾದರಿಯನ್ನು ಪರೀಕ್ಷಿಸಿದೆ. ಚೌಕಗಳನ್ನು ಕೊರೆದ ಎಣಿಕೆಯ ಗಾಜನ್ನು ಸಾಲು ಸಾಲಾಗಿ ದಾಟಿದೆ. ನೆತ್ತರಿನ ಮಾದರಿಗೆಂದು ತಂದಿದ್ದ, ಕೈಯಿಂದ ತಿರುಗಿಸುವ ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನೂ ನೋಡಿದೆ. ಎಲ್ಲಿಯೂ ಒಂದು ವೀರ್ಯಾಣು ಇರಲಿಲ್ಲ, ಸತ್ತದ್ದೂ ಇಲ್ಲ. ಸೂಕ್ಷ್ಮದರ್ಶಕದ ಕನ್ನಡಿಯಿಂದ ಬಿದ್ದ ಬೆಳಗಿನ ಬೆಳಕು ಮಾತ್ರ ಇತ್ತು. ಹೇಳುವುದನ್ನು ಸುತ್ತಿ ಬಳಸಿ ಹೇಳಲಿಲ್ಲ.

ಪರಪ್ಪ ಕೇಳಿದ: "ಮಣ್ಣಾಗ ಕಡಿಮಿ ಇದ್ರ ಗೊಬ್ಬರ ಹಾಕಂತೀರಿ. ಇದಕ್ಕ?"

"ಇದಕ್ಕ ನನಗ ಗೊತ್ತಿರೂ ಗೊಬ್ಬರಿಲ್ಲ. ಸಣ್ಣಾಂವಿದ್ದಾಗ ದೊಡ್ಡ ಜಡ್ಡು ಏನರೆ ಬಂದಿತ್ತೇನು?"

"ಹದಿನಾರರಾಗ ಗಲ್ಲ ಬಾತು, ಜ್ವರ ಬಂದು, ಕೆಳಗೂ ಬಾತಿತ್ತು. ಸಾಯ್ತಾನ ಅಂದಿದ್ರು."

ಆ ಮಂಗನಬಾವೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಆದರೆ ಪುಸ್ತಕಗಳಲ್ಲಿ ಹಾಗಿದೆ ಎಂದೆ. ಇನ್ನೊಂದು ಸಲ ನೋಡದೆ ತೀರ್ಮಾನ ಕೊಡುವುದಿಲ್ಲ ಎಂದೂ ಹೇಳಿದೆ.

ಅವನು ಎತ್ತಿನ ಬೆನ್ನು ಸವರಿದ. "ಹಂಗಾದ್ರ ಸಾಲೋಟಗಿ ಹುಡಿಗಿ ಬಂದ್ರೂ ಅಷ್ಟಽ. ಆಕಿನೂ ಇದಽ ಅಂಗಳದಾಗ ಬೈಸಿಕೊಂತಾಳ. ನಾ ಹೇಳಿದ್ರ ಯವ್ವ ನಂಬೂದಿಲ್ರಿ. ಹೆಂಡ್ತಿ ಕಿವಿ ಊದ್ಯಾಳ ಅಂತಾಳ. ಮುಂದಿನ ಸಲ ನೀವು ಅಕಿಗೆ ತೋರಸ್ರಿ."

"ಕಸ್ತೂರೆವ್ವಗ ಹೇಳೀರೇನು?"

"ನೀವು ಬರೂ ಮೊದಲ, ನಿನ್ನೆ, ಹೇಳೇನ್ರಿ. ತಪ್ಪು ನಂದಿದ್ರೂ ಇರಬಹುದು, ನೋಡಿಸಾಕತ್ತೇನಿ ಅಂತ. ಅಕಿ ಎರಡು ರೊಟ್ಟಿ ಹೆಚ್ಚ ಬಡದ್ಲು."

ಎಳ್ಳಮಾಸಿಗೆ ಐದು ದಿನ ಇರುವಾಗ ನಾವು ಮತ್ತೆ ಆ ಊರಿಗೆ ಹೋದೆವು. ಅಂಗಳದಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು, ಎಳ್ಳು ಹುರಿದ ಘಮ. ಮೂರನೆಯ ಮಾದರಿಯನ್ನು ಮೊದಲು ನಾನೊಬ್ಬನೇ ನೋಡಿ ಮುಗಿಸಿದೆ. ಆಮೇಲೆ ಪರಪ್ಪ ತಾಯಿಯನ್ನು ಕೊಟ್ಟಿಗೆಗೆ ಕರೆತಂದ. ಮಶಾಕಸಾಬ ತಾನಾಗಿಯೇ ಜೀಪಿನ ಬಾನೆಟ್ಟು ಎತ್ತಿ ಇಂಜಿನ್ನಿನಲ್ಲಿ ತಲೆ ಹುದುಗಿಸಿದ.

ಸಿದ್ದಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. ಮೊದಲು ಇಟ್ಟದ್ದು ಖಿಲಾರಿ ಹೋರಿಯದು.

"ಅಯ್ಯ ಶಿವನ! ಇರಿವಿ ಎದ್ದಂಗ ಎದ್ದಾವಲ್ಲೋ!" ಮುದುಕಿ ಹುಡುಗಿಯ ಹಾಗೆ ನಕ್ಕಳು. ನಾನು ಗಾಜು ಬದಲಿಸಿದೆ. ಆಕೆ ಒಂದು ಕಣ್ಣಿನಿಂದ ನೋಡಿದಳು, ಇನ್ನೊಂದರಿಂದ ನೋಡಿದಳು.

"ಏನೂ ಕಾಣವಲ್ದು. ತಮ್ಮಾ, ಇದನ್ನ ಸರೀ ಮಾಡು."

"ಸರೀ ಐತಿ, ಆಯಿ. ಅದರಾಗ ಏನೂ ಇಲ್ಲ."

"ಹಂಗಾದ್ರ ಇದು ಯಾವ ದರಿದ್ರ ಹೋರಿದೋ? ಸಂತ್ಯಾಗ ಮಾರಿ ಬರ್ರಿ ಅದನ್ನ!"

"ಯವ್ವಾ," ಎಂದ ಪರಪ್ಪ, "ಅದು ನಂದು."

ಸಿದ್ದಲಿಂಗವ್ವ ಸೂಕ್ಷ್ಮದರ್ಶಕದಿಂದ ಮುಖ ಎತ್ತಲಿಲ್ಲ. ನೋಡುತ್ತಿದ್ದಳೋ ಇಲ್ಲವೋ ತಿಳಿಯದು. ಎತ್ತು ಒಮ್ಮೆ ಬಾಲ ಬೀಸಿತು. ಕೊನೆಗೆ ಆಕೆ ಬಗ್ಗಿದಂತೆಯೇ ಕೇಳಿದಳು: "ಆ ಗಲ್ಲ ಬಾತ ಜ್ವರೇನು?"

"ಇರಬಹುದಂತ."

"ಒಂಬತ್ತು ದಿನ ಅರಿಶಿಣ ಅರದು ಹಚ್ಚಿದಾಕಿ ನಾನು. ಮಗ ಉಳದಾ ಅಂತ ಊರಿಗೆಲ್ಲ ಸಕ್ರಿ ಹಂಚೀನಿ." ತಲೆ ಎತ್ತಿದಾಗ ಕಣ್ಣಿನ ಸುತ್ತ ಗಾಜಿನ ದುಂಡು ಗುರುತು ಮೂಡಿತ್ತು. ನನ್ನ ಕಡೆ ತಿರುಗಿ, "ಸಾಲೋಟಗಿ ಕಡೆ ಬಸ್ಸ ಎಷ್ಟಕ್ಕೈತಿ, ತಮ್ಮಾ?" ಎಂದಳು.

ಬಸ್ಸಿನ ತನಕ ನಾವೇ ಜೀಪಿನಲ್ಲಿ ಬಿಟ್ಟೆವು. ಸಾಲೋಟಗಿಯವರಿಗೆ, ಮಗನ ಜಾತಕದಲ್ಲಿ ಎರಡನೆಯ ಮದುವೆ ಇಲ್ಲವೆಂದು ಹೇಳಿ ಮಾತು ಮುರಿದು ಬಂದಳಂತೆ. ಊರಿಗೆ ನಿಜ ತಿಳಿಯಲಿಲ್ಲ. ಕಸ್ತೂರೆವ್ವನನ್ನು ಊರು ಮೊದಲಿನಂತೆಯೇ ನೋಡುತ್ತಿತ್ತು. ನನಗೆ ಅದು ಸರಿಯೆನಿಸದೆ ಒಮ್ಮೆ ಆಕೆಯನ್ನು ಕೇಳಿದೆ.

"ಊರಿಗೆ ಹೇಳೂದು ಬ್ಯಾಡ್ರಿ," ಎಂದಳು. "ಅವರು ಗಂಡಸರು, ಕಟ್ಟಿ ಮ್ಯಾಲ ಕುಂಡ್ರಬೇಕಲ್ಲ. ಈ ಹೊಸ್ತಿಲ ಒಳಗ ಗೊತ್ತಾತು, ನನಗ ಸಾಕು. ಈಗ ಅತ್ತಿ ನನ್ನ ಹೆಸರ ಹಿಡದು ಕರೀತಾಳ್ರಿ. ಹೆಸರ ಐತಿ ಅನ್ನೂದಽ ನಾ ಮರತಿದ್ನಿ." ಅಂದು ನಕ್ಕಳು.

ಯೋಜನೆ ೧೯೭೭ರ ಕೊನೆಗೆ ಮುಗಿಯಿತು. ಅದಕ್ಕೆ ಮೊದಲು, ಆ ವರ್ಷದ ಹಿಂಗಾರಿ ಬಿತ್ತನೆಯ ದಿನ, ಮೊಳಕೆ ಪ್ರಮಾಣ ನೋಡಲೆಂದು ಪರಪ್ಪನ ಹೊಲಕ್ಕೆ ಹೋಗಿದ್ದೆ. ಹದವಾದ ಎರೆಭೂಮಿ, ತಣ್ಣಗಿನ ಗಾಳಿ. ಎತ್ತುಗಳ ಹಿಂದೆ ಕೂರಿಗೆ. ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಸಿದ್ದಲಿಂಗವ್ವ. ಕಸ್ತೂರೆವ್ವ ಬುತ್ತಿ ಹೊತ್ತು ಬದುವಿನ ಮೇಲೆ ನಿಂತಿದ್ದಳು. ಮಕ್ಕಳಿಲ್ಲದ ಹೆಣ್ಣು ಬೀಜದ ಉಡಿ ಕಟ್ಟಿದರೆ ಭೂಮಿ ಬರಡಾಗುತ್ತದೆಂದು ಆ ಮನೆಯಲ್ಲಿ ಹನ್ನೆರಡು ಬಿತ್ತನೆ ಆಕೆಯನ್ನು ಬದುವಿನ ಮೇಲೆಯೇ ನಿಲ್ಲಿಸಿದ್ದರು ಎಂಬುದನ್ನು ಪರಪ್ಪ ಆಗ ನನಗೆ ಹೇಳಿದ.

ನಡುಹೊಲದಲ್ಲಿ ಸಿದ್ದಲಿಂಗವ್ವ ನಿಂತಳು. "ಏ ಕಸ್ತೂರಿ, ಬಾ ಇಲ್ಲಿ. ನನ್ನ ಸೊಂಟ ಬಿದ್ದು ಹೋತು."

"ಬುತ್ತಿ ಇಳಿಸಿ ಬರ್ತೇನ್ರಿ, ಅತ್ತಿ."

"ಬುತ್ತಿ ಎಲ್ಲಿ ಓಡಿ ಹೋಗತೈತಿ? ಉಡಿ ಹಿಡಿ."

ತನ್ನ ಉಡಿ ಬಿಚ್ಚಿ, ಉಳಿದ ಕಾಳನ್ನೆಲ್ಲ ಸೊಸೆಯ ಉಡಿಗೆ ಸುರಿದಳು. ಕಸ್ತೂರೆವ್ವ ಗಂಟು ಹಾಕಿಕೊಂಡಳು. ಪರಪ್ಪ ಎತ್ತುಗಳನ್ನು ತಡೆದು ಕಾದ. ನಾನು ಪರೀಕ್ಷೆಗೆಂದು ಎಣಿಸಿ ತಂದಿದ್ದ ನಾಲ್ಕು ನೂರು ಕಾಳನ್ನು ಅತ್ತೆಗೆ ಕೊಡಬೇಕೆಂದಿದ್ದವನು ಸೊಸೆಗೆ ಕೊಟ್ಟೆ. ಆಕೆ ಅದನ್ನು ಒಂದೇ ಸಾಲಿನಲ್ಲಿ ಕೊನೆಯ ತನಕ ಬಿಟ್ಟಳು.

ಹತ್ತನೆಯ ದಿನ ಆ ಸಾಲನ್ನು ಎಣಿಸಿದೆ. ಮುನ್ನೂರ ನಲವತ್ತೆಂಟು ಸಸಿ, ನೂರಕ್ಕೆ ಎಂಬತ್ತೇಳು.