ಟವಲು ಬೀಸಿದಲ್ಲಿ ನಿಲ್ಲು

ನೀರೆಂದರೆ ದೊರೆಸ್ವಾಮಿಗೆ ಪ್ರಾಣಭಯ. ಹಾಗಿದ್ದೂ ಹಿರಿಮಗನೆಂಬ ಗತ್ತು ಬೇರೆ! ಅಪ್ಪನ ಅಸ್ಥಿ ಬಿಡುವ ಕೆಲಸವನ್ನು ತಮ್ಮ ಚಿಕ್ಕಣ್ಣನ ತಲೆಗೆ ಕಟ್ಟಿ, ತಾನು ಸಂಗಮದ ದಂಡೆಯ ಕಾವಲುಗೋಪುರ ಹತ್ತಿದ್ದ. ಅದಕ್ಕೊಂದು ನೆಪವೂ ಸಿಕ್ಕಿತ್ತು, ಬಿಡಿ.

ಅಪ್ಪ ರಾಮಯ್ಯ ಇಲವಾಲದವನು, ಕಾವೇರಿ ನೀರು ಕುಡಿದು ಬೆಳೆದವನು. ಅವ್ವ ನಂಜನಗೂಡಿನವಳು, ಕಪಿಲೆಯ ಕಡೆಯವಳು. ಸ್ವಾತಂತ್ರ್ಯ ಬಂದು ಎರಡನೆಯ ಮುಂಗಾರಿನಲ್ಲಿ, ಮೈಸೂರಿನ ಮನೆಯಲ್ಲಿ ಸಾಯುವ ಮುಂಚೆ, ಎರಡು ನೀರೂ ಸೇರುವ ಗೆರೆಯ ಮೇಲೇ ತನ್ನನ್ನು ಬಿಡಬೇಕೆಂದು ಮುದುಕ ಮಕ್ಕಳಿಂದ ಮಾತು ತೆಗೆದುಕೊಂಡಿದ್ದ. ಹರಿಗೋಲಿನಲ್ಲಿ ಕೂತವರಿಗೆ ಆ ಗೆರೆ ಕಾಣದು. ಗೋಪುರದ ಮೇಲಿಂದ ಕಾಣುತ್ತದೆ: ಈಚೆ ಹಸಿರು, ಆಚೆ ಕೆಂಪು. ಗೆರೆ ಮುಟ್ಟಿದ ಕೂಡಲೇ ಅಣ್ಣ ಟವಲು ಬೀಸುವುದು, ತಮ್ಮ ಅಲ್ಲೇ ನಿಲ್ಲಿಸುವುದು ಎಂದು ಮಾತಾಗಿತ್ತು.

ಹರಿಗೋಲು ಇನ್ನೇನು ಗೆರೆ ಮುಟ್ಟಬೇಕು, ದೊರೆಸ್ವಾಮಿಯ ಕಣ್ಣು ಕಪಿಲೆಯ ತಿರುವಿನತ್ತ ಹೋಯಿತು. ಅಯ್ಯೋ ಶಿವನೇ! ಬೇರುಸಮೇತ ಕಿತ್ತ ಮರ, ಹುಲ್ಲಿನ ಮೆದೆ ಎಲ್ಲವನ್ನೂ ಹೊರಳಿಸಿಕೊಂಡು ದಡದಿಂದ ದಡಕ್ಕೆ ಕೆಂಪು ನೀರು ಎದ್ದು ಬರುತ್ತಿತ್ತು. ಕೂಗಿದ. ದನಿ ಅರ್ಧ ದಾರಿಗೂ ಹೋಗಲಿಲ್ಲ. ಕೈಯಲ್ಲಿದ್ದ ಬಿಳಿ ಟವಲನ್ನು ಹುಚ್ಚನ ಹಾಗೆ ಬೀಸಿದ.

ಹರಿಗೋಲು ನಿಂತಿತು.

ಅಂಬಿಗ ಮರಿಯಯ್ಯ ಹುಟ್ಟು ಹಾಕುತ್ತ ಅದನ್ನು ಅಲ್ಲೇ ತಡೆದ. ಚಿಕ್ಕಣ್ಣ ಸಾವಧಾನವಾಗಿ ಅಸ್ಥಿಯ ಕುಡಿಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚತೊಡಗಿದ. ಇವನು ಇನ್ನೂ ಜೋರಾಗಿ ಬೀಸಿದ. ಅವನು ಗೊತ್ತಾಯಿತೆಂದು ಕೈಯೆತ್ತಿ ತೋರಿಸಿದ. ಆಗ ದೊರೆಸ್ವಾಮಿಗೆ ಹೊಳೆಯಿತು. ತಮ್ಮನನ್ನು ನಡುನೀರಿನಲ್ಲಿ ಕಟ್ಟಿಹಾಕಿರುವುದು ತನ್ನ ಕೈಯ ಟವಲೇ!

ಹಾವು ಹಿಡಿದವನಂತೆ ಅದನ್ನು ಎಸೆದುಬಿಟ್ಟ. ಅದು ಗೋಪುರದಿಂದ ಕೆಳಗೆ ಬಿತ್ತು. ಅವನು ಗೋಡೆಯ ಮರೆಯಲ್ಲಿ ಕೂತು ಕಿವಿ ಮುಚ್ಚಿಕೊಂಡ. ಎದ್ದು ನೋಡುವ ಧೈರ್ಯ ಎಲ್ಲಿಂದ ಬರಬೇಕು? ಮುಚ್ಚಿದ ಕಿವಿಗೂ ನೀರಿನ ಮೊರೆತ ಕೇಳಿಸಿತು. ಅವ್ವನಿಗೆ ಏನು ಹೇಳಲಿ, ಒಬ್ಬನನ್ನು ಬಿಡಲು ಹೋಗಿ ಇಬ್ಬರನ್ನು ಬಿಟ್ಟುಬಂದೆ ಎನ್ನಲೇ?

ಮೆಟ್ಟಿಲ ಮೇಲೆ ದಡದಡ ಸದ್ದು. ಒದ್ದೆ ಕೈಯೊಂದು ಅವನ ಅಂಗಿ ಹಿಡಿದೆಳೆಯಿತು. ಚಿಕ್ಕಣ್ಣ! ಮೊಣಕಾಲವರೆಗೆ ಕೆಸರು, ಕಂಕುಳಲ್ಲಿ ಕುಡಿಕೆ.

“ಬೆಳ್ಳಗೆ ಏನೋ ಬಿತ್ತು. ನೀನೇ ಬಿದ್ಬುಟ್ಟೆ ಅಂದ್ಕೊಂಡೆ ಕಣಣ್ಣ.”

ದೊರೆಸ್ವಾಮಿ ಅಪ್ಪನನ್ನು ಬಿಟ್ಟೆಯಾ ಎಂದು ಕೇಳಿದ. ಬಾಯಿಗೆ ಬಂದದ್ದು ಅದೇ, ಏನು ಮಾಡೋಣ.

“ನೀನು ಬಿದ್ದೆ ಅಂದ್ಮೇಲೆ ಅಪ್ಪನ್ನ ಯಾರು ನೋಡ್ತಾರೆ? ಹಂಗೇ ಓಡ್ಬಂದ್ಬುಟ್ಟೆ.”

ಹಾಗೆಂದು ಚಿಕ್ಕಣ್ಣ ಗೋಡೆಯಾಚೆ ಬಗ್ಗಿದ. ಅಷ್ಟು ಹೊತ್ತೂ ಅವನು ಹಿಂತಿರುಗಿ ನೋಡಿಯೇ ಇರಲಿಲ್ಲ. ದಡದಲ್ಲಿ ಮರಿಯಯ್ಯ ಬರಿಗೈಯಲ್ಲಿ ನಿಂತಿದ್ದ, ಹರಿಗೋಲು ಇರಲಿಲ್ಲ. ಸಂಗಮದಲ್ಲಿ ಗೆರೆಯೂ ಇರಲಿಲ್ಲ, ಅದಿದ್ದ ಜಾಗದಲ್ಲಿ ಮರವೊಂದು ಗಿರಗಿರ ತಿರುಗುತ್ತಿತ್ತು. ಅವನು ಕುಡಿಕೆಯನ್ನು ಅವುಚಿಕೊಂಡು ಅಣ್ಣನ ಪಕ್ಕದಲ್ಲೇ ಕೂತುಬಿಟ್ಟ. ದೊರೆಸ್ವಾಮಿ ಅದನ್ನು ಇಸಿದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡ.